ಉಲ್ರಿಚ್ ಬೆಕ್, ಕೆಸಿ ವ್ಯಾಲಿ ನೀರು ಮತ್ತೆ ನಮ್ಮ ಟಿಡಿಎಸ್ ಮೀಟರ್

ಬಡತನದಲ್ಲಿ ಮೇಲು ಕೀಳು ಇರುತ್ತೆ, ವಿಷದ ಹೊಗೆಗೆ ಮಾತ್ರ ಎಲ್ರೂ ಒಂದೇ. ಹೆಚ್ಚುಕಮ್ಮಿ ಈ ಅರ್ಥದ ಒಂದು ಸಾಲಿದೆ, ಉಲ್ರಿಚ್ ಬೆಕ್ ಅನ್ನೋ ಜರ್ಮನ್ ಸಮಾಜಶಾಸ್ತ್ರಜ್ಞ ಬರೆದಿದ್ದು. ಸೋಶಿಯಾಲಜಿ ಓದಿರೋರಿಗೆ ಇದು ಬಾಯಿಪಾಠ. ನಾನು ಓದಿದೋನಲ್ಲ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ಕೊಂಡಿರೋನು, ಫ್ರೆಂಡ್ ಒಬ್ಬ ಪುಸ್ತಕ ಕೊಟ್ಟು ವಾಪಸ್ ಕೇಳೋದು ಮರ್ತ, ಹಂಗಾಗಿ ಓದಿದೆ. ಓದಿ ನನಗನ್ಸಿದ್ದು ಏನಂದ್ರೆ, ಈ ಮನುಷ್ಯ ಬರೆದಿದ್ದರಲ್ಲಿ ತುಂಬಾ ಫೇಮಸ್ ಆದ ಸಾಲೇ ತುಂಬಾ ವೀಕು. ಬೆಂಗಳೂರಲ್ಲಿ ಕೂತು ಓದಿದ್ರೆ ಅದು ಇನ್ನೂ ಬೇಗ ಗೊತ್ತಾಗುತ್ತೆ. ಆದ್ರೆ ಯಾರೂ ಅಷ್ಟಾಗಿ ಎತ್ತಾಡದೇ ಇರೋ ಎರಡು ಮೂರು ಮಾತು ಇವೆ ಅವನ ಪುಸ್ತಕಗಳಲ್ಲಿ, ಅವನ್ನ ಓದ್ತಿದ್ರೆ ಯಾವ ಪುಣ್ಯಾತ್ಮ ಔಟರ್ ರಿಂಗ್ ರೋಡಲ್ಲಿ ಮನೆ ಮಾಡ್ಕೊಂಡು ಬರೆದಿದ್ದಾನೋ ಅನ್ಸುತ್ತೆ.

ಮೊದ್ಲು ಆಸಾಮಿ ಯಾರು ಅಂತ ಹೇಳ್ಬಿಡ್ತೀನಿ. ಹುಟ್ಟಿದ್ದು 1944ರಲ್ಲಿ, ಬಹಳ ವರ್ಷ ಮ್ಯೂನಿಕ್‌ನಲ್ಲಿ ಪ್ರೊಫೆಸರ್, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ಪಾಠ ಮಾಡಿದಾನೆ, ತೀರಿಕೊಂಡಿದ್ದು 2015ರ ಜನವರಿ 1ಕ್ಕೆ, ಹಾರ್ಟ್ ಅಟ್ಯಾಕ್, 70 ವರ್ಷ. 'ರಿಸ್ಕ್ ಸೊಸೈಟಿ' ಜರ್ಮನ್‌ನಲ್ಲಿ ಬಂದಿದ್ದು 1986ರಲ್ಲಿ, ಇಂಗ್ಲಿಷ್‌ಗೆ ಬರೋಕೆ 1992 ಆಯ್ತು. 1986 ಅಂದ್ರೆ ಚೆರ್ನೋಬಿಲ್ ವರ್ಷ. ಪುಸ್ತಕ ಬರೆದಾಗಿತ್ತು, ಏಪ್ರಿಲ್ 26ಕ್ಕೆ ಸೋವಿಯತ್ ಒಕ್ಕೂಟದ ಆ ಅಣುಸ್ಥಾವರದಲ್ಲಿ ರಿಯಾಕ್ಟರ್ ಸಿಡೀತು, ಕೆಲವೇ ದಿನದಲ್ಲಿ ಆ ವಿಕಿರಣದ ಮೋಡ ಇವನಿದ್ದ ಬವೇರಿಯಾ ಮೇಲೂ ಬಂದು ಮಳೆ ಸುರಿಸ್ತು, ಹಾಲು ಕುಡೀಬಹುದಾ, ಮಕ್ಕಳನ್ನ ಮರಳಲ್ಲಿ ಆಡೋಕೆ ಬಿಡಬಹುದಾ, ಅಣಬೆ ತಿನ್ನಬಹುದಾ ಅಂತ ಜನ ತಲೆ ಕೆಡಿಸ್ಕೊಂಡು ಓಡಾಡ್ತಿದ್ರು. ಬೆಕ್ ಮೇ ತಿಂಗಳಲ್ಲಿ ಒಂದು ಮುನ್ನುಡಿ ಬರೆದು ಸೇರಿಸಿದ. ಇಲ್ಲಿವರೆಗೂ ಕಷ್ಟ ಅಂದ್ರೆ ಯಾವಾಗ್ಲೂ 'ಬೇರೆಯವರಿಗೆ' ಬರೋದಾಗಿತ್ತು, ಬೇಲಿ ಹಾಕ್ಕೊಂಡು ದೂರ ಇಡಬಹುದಿತ್ತು, ಇನ್ಮೇಲೆ ಆ ಬೇರೆಯವರು ಅನ್ನೋ ಲೆಕ್ಕನೇ ಮುಗೀತು ಅನ್ನೋ ಅರ್ಥದಲ್ಲಿ. ಪುಸ್ತಕ ಭರ್ಜರಿ ಓಡ್ತು, ಓಡದೇ ಇರುತ್ತಾ.

ಅವನ ಮೂಲ ವಾದ ಸಿಂಪಲ್. ಹಿಂದೆ ಆಪತ್ತು ಹೊರಗಡೆಯಿಂದ ಬರ್ತಿತ್ತು: ಬರ, ಪ್ರವಾಹ, ಮಾರಿ. ನಮ್ಮೂರಲ್ಲೇ ನೋಡಿ, 1898ರಲ್ಲಿ ಪ್ಲೇಗ್ ಬಂತು, ಜನ ಪೇಟೆ ಬಿಟ್ಟು ಹೋದ್ರು, ಮಲ್ಲೇಶ್ವರ ಬಸವನಗುಡಿ ಬೆಳೆದಿದ್ದೇ ಆಮೇಲೆ, ಪ್ಲೇಗಮ್ಮನಿಗೆ ಗುಡಿ ಕಟ್ಟಿದ್ರು, ಅದು ಈಗ್ಲೂ ಇದೆ, ಪೂಜೆನೂ ನಡೆಯುತ್ತೆ. ಪ್ಲೇಗನ್ನ ಯಾರೂ ಕೂತು ಪ್ಲಾನ್ ಮಾಡಿ ತಂದಿದ್ದಲ್ಲ. ಈಗಿನ ಆಪತ್ತುಗಳು ಹಂಗಲ್ಲ, ನಾವು ಉದ್ಧಾರ ಆಗೋಕೆ ಅಂತ ಮಾಡಿದ ಕೆಲಸದ ಹೊಟ್ಟೆಯಿಂದನೇ ಹುಟ್ಟಿದವು. ಕೀಟನಾಶಕ, ಅಣುಸ್ಥಾವರ, ಕೆಮಿಕಲ್ ಫ್ಯಾಕ್ಟರಿ. ಭೋಪಾಲದ ವಿಷಯ ಅವನೂ ಬರೀತಾನೆ ಆ ಪುಸ್ತಕದಲ್ಲಿ. ಅದಕ್ಕೇ ಗುಡಿ ಕಟ್ಟೋಕಾಗಲ್ಲ, ಯಾರೋ ಒಬ್ರು ಸೈನ್ ಹಾಕಿರ್ತಾರೆ, ಯಾರೋ ಅಪ್ರೂವ್ ಮಾಡಿರ್ತಾರೆ. ದೇವರ ಮೇಲೆ ಹಾಕಿ ಸುಮ್ನಾಗೋಕೆ ಆಗಲ್ಲ.

ಇನ್ನೊಂದು, ಇವು ಕಣ್ಣಿಗೆ ಕಾಣಲ್ಲ. ಹಸಿವಾದ್ರೆ ಹೊಟ್ಟೆ ಹೇಳುತ್ತೆ, ಬೋರ್ ನೀರಲ್ಲಿ ನೈಟ್ರೇಟ್ ಇದೆ ಅಂತ ನಾಲಿಗೆ ಹೇಳಲ್ಲ. ಲ್ಯಾಬ್ ಹೇಳ್ಬೇಕು. ಅಂದ್ರೆ ನಮ್ಮ ಮೈಗೆ ಏನಾಗ್ತಿದೆ ಅನ್ನೋದನ್ನ ತಿಳ್ಕೊಳೋಕೂ ನಾವು ಬೇರೆಯವರ ಮೀಟರ್‌ನ ನಂಬ್ಕೊಂಡಿರ್ಬೇಕು. ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ರು ಅಂಕಲ್ ಇದ್ದಾರೆ, ಟ್ಯಾಂಕರ್ ಬಂದ ತಕ್ಷಣ ಪೆನ್ ಥರದ ಟಿಡಿಎಸ್ ಮೀಟರ್ ಹಿಡ್ಕೊಂಡು ಓಡಿ ಬರ್ತಾರೆ, ನಂಬರ್ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾರೆ, ಅದು ಕಮ್ಮಿ ಇದ್ರೆ ಎಲ್ರೂ ಕೈ ಮುಗಿಯೋ ಎಮೋಜಿ ಹಾಕ್ತಾರೆ. ಆ ಮೀಟರ್ ನೀರಲ್ಲಿ ಕರಗಿರೋ ಲವಣ ಒಟ್ಟು ಎಷ್ಟಿದೆ ಅಂತಷ್ಟೇ ಅಂದಾಜು ಹೇಳುತ್ತೆ. ಕಕ್ಕಸಿನ ಬ್ಯಾಕ್ಟೀರಿಯಾ ಇದ್ರೆ ಅದಕ್ಕೆ ಗೊತ್ತೇ ಆಗಲ್ಲ. ಆದ್ರೂ ನಂಬರ್ ಸಿಕ್ರೆ ಒಂದು ಸಮಾಧಾನ.

ನಂಬರ್ ಬಗ್ಗೆನೇ ಬೆಕ್‌ಗೆ ಭಯಂಕರ ಸಿಟ್ಟು. ಇಷ್ಟರವರೆಗೆ ವಿಷ ಇದ್ರೆ ಪರವಾಗಿಲ್ಲ ಅಂತ ಮಿತಿ ಹಾಕ್ತಾರಲ್ಲ, ಆ ಮಿತಿ ಅನ್ನೋದು ವಿಷ ಹಾಕ್ಬೇಡಿ ಅಂತ ಹೇಳಲ್ಲ, ಸ್ವಲ್ಪ ಸ್ವಲ್ಪ ಹಾಕೋಕೆ ಪರ್ಮಿಷನ್ ಕೊಡುತ್ತೆ ಅಂತಾನೆ. ಅದೂ ಒಂದೊಂದು ವಸ್ತುಗೂ ಬೇರೆ ಬೇರೆ ಮಿತಿ, ಹತ್ತು ಥರದ್ದು ಒಟ್ಟಿಗೆ ಒಂದೇ ಮೈಯಿಗೆ ಹೋದ್ರೆ ಏನು ಅನ್ನೋದಕ್ಕೆ ಉತ್ತರ ಇಲ್ಲ. ಅತಿ ಮಾಡ್ತಿದಾನೆ ಅನ್ಕೊಂಡೆ ನಾನು ಓದುವಾಗ. ಆಮೇಲೆ ನಮ್ಮ ದೇಶದ ಕುಡಿಯೋ ನೀರಿನ ಸ್ಟ್ಯಾಂಡರ್ಡ್ ತೆಗೆದು ನೋಡಿದೆ, ಐಎಸ್ 10500 ಅಂತ. ಟಿಡಿಎಸ್ ಲೀಟರ್‌ಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದೇ ಇದ್ರೆ? 2000ವರೆಗೂ ಓಕೆ. ಫ್ಲೋರೈಡ್ 1, ಬೇರೆ ನೀರಿಲ್ಲ ಅಂದ್ರೆ 1.5. ನೀರಿಗೆ ಗತಿ ಇಲ್ಲದೋನ ಮೂಳೆ ಹಲ್ಲು ಸ್ವಲ್ಪ ಗಟ್ಟಿ ಇರುತ್ತೆ ಅಂತ ಇರಬೇಕು ಲೆಕ್ಕಾಚಾರ. ಸ್ಟ್ಯಾಂಡರ್ಡ್ ಬರೆದೋರ ಕಷ್ಟನೂ ಅರ್ಥ ಆಗುತ್ತೆ, ಏನೂ ನೀರಿಲ್ಲದ ಊರಲ್ಲಿ 500 ಅಂತ ಪಟ್ಟು ಹಿಡಿದ್ರೆ ಜನ ಏನ್ ಕುಡೀಬೇಕು. ಆದ್ರೂ ಫೇಮಸ್ ಸಾಲಿಗೆ ಅಲ್ಲೇ ಒಂದು ಏಟು ಬಿತ್ತಲ್ಲ. ಮಿತಿನೇ ಬಡವನಿಗೊಂದು, ಇದ್ದೋನಿಗೊಂದು.

ಈಗ ಕೋಲಾರಕ್ಕೆ ಬರ್ತೀನಿ. ನಮ್ಮ ಸೋದರಮಾವನ ಊರು ನರಸಾಪುರದ ಕಡೆ. ಕೋಲಾರ ಅಂದ್ರೆ ಗೊತ್ತಲ್ಲ, ವರ್ಷವಿಡೀ ಹರಿಯೋ ನದಿ ಇಲ್ಲ ನಾಲೆ ಇಲ್ಲ, ಸಾವಿರದ ಐನೂರು ಅಡಿ ಕೊರೆದ್ರೂ ಧೂಳು ಬರೋ ಜಿಲ್ಲೆ. 2018ರ ಜೂನಲ್ಲಿ ಕೆಸಿ ವ್ಯಾಲಿ ನೀರು ಬಂತು. ಕೆಸಿ ಅಂದ್ರೆ ಕೋರಮಂಗಲ ಚಲ್ಲಘಟ್ಟ ಕಣಿವೆ, ಅಂದ್ರೆ ನಾವು ಬೆಂಗಳೂರಿನೋರು ಸ್ನಾನ ಮಾಡಿ, ಪಾತ್ರೆ ತೊಳೆದು, ಫ್ಲಶ್ ಮಾಡಿ ಬಿಟ್ಟ ನೀರು. ಅದನ್ನ ಎರಡು ಹಂತ ಶುದ್ಧಿ ಮಾಡಿ ಪೈಪಲ್ಲಿ ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸೋದು, ಅಂತರ್ಜಲ ಏರಲಿ ಅಂತ. ಪ್ಲಾನ್ ಇದ್ದಿದ್ದು ದಿನಕ್ಕೆ 44 ಕೋಟಿ ಲೀಟರ್. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಮುಂದಿನ ತಿಂಗಳೇ ಅಲ್ಲಿ ನೊರೆ ಬಂತು, ಥೇಟ್ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ. ಬರದೇ ಇರುತ್ತಾ, ಅದೇ ಕಣಿವೆ ನೀರು. ಕೇಸು ಹೈಕೋರ್ಟಿಗೆ ಹೋಯ್ತು, ಸುಪ್ರೀಂ ಕೋರ್ಟಿಗೂ ಹೋಯ್ತು, ಮೂರನೇ ಹಂತದ ಶುದ್ಧೀಕರಣ ಮಾಡ್ಲೇಬೇಕು ಅಂತ ಅಲ್ಲಿನ ಹೋರಾಟಗಾರರು ಕೇಳ್ತಾನೇ ಇದ್ದಾರೆ.

ಮಾವ ಫೋನಲ್ಲಿ ಸಿಕ್ಕಾಗೆಲ್ಲಾ ರೇಗಿಸ್ತಿದ್ರು, "ಏನಪ್ಪಾ, ನೀವು ಅಲ್ಲಿ ಬಿಟ್ಟಿದ್ದು ಇಲ್ಲಿ ನಮ್ ಕೆರೆ ತುಂಬೈತೆ."

"ಕುಡಿಯೋಕಲ್ವಲ್ಲ ಮಾವ, ಅಂತರ್ಜಲಕ್ಕೆ ತಾನೆ?"

"ಅಂತರ್ಜಲ ಅಂದ್ರೆ ಬೋರೇ ಅಲ್ವೇನೋ. ಬೋರ್ ನೀರು ನಾವು ಕುಡೀದೆ ಇನ್ಯಾರು ಕುಡೀತಾರೆ?"

ಇದಕ್ಕೆ ನನ್ನ ಹತ್ರ ಏನೂ ಉತ್ತರ ಇರ್ಲಿಲ್ಲ. ಆದ್ರೆ ಇದೇ ಮಾವ, ಬತ್ತಿಹೋಗಿದ್ದ ಬೋರಲ್ಲಿ ನೀರು ಬಂದಾಗ ಎಷ್ಟು ಖುಷಿಪಟ್ರು ಅಂದ್ರೆ ಟೊಮ್ಯಾಟೊ ಜೊತೆ ಕ್ಯಾಪ್ಸಿಕಂ ಬೇರೆ ಹಾಕಿದ್ರು. ನಿಲ್ಲಿಸ್ಬೇಕಾ ಆ ನೀರು ಅಂದ್ರೆ ಬೇಡ ಅಂತಾರೆ. ಸರಿಯಾಗಿ ತೊಳೆದು ಕಳಿಸಿ ಅಂತಾರೆ ಅಷ್ಟೇ. ಇದು ಬೆಕ್ ಸರಿಯಾಗಿ ಹಿಡಿದಿರೋ ಜಾಗ. ಎಕ್ಸ್‌ಪರ್ಟ್‌ಗಳು ಮಾನದಂಡದ ಒಳಗಿದೆ ಅಂತಾರೆ, ಊರಿನೋರು ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡ್ತಿದೀರಾ ಅಂತಾರೆ, ಮೊದಲನೆಯವರು ಎರಡನೆಯವರನ್ನ ನೋಡಿ ಇವ್ರಿಗೆ ಸೈನ್ಸ್ ಗೊತ್ತಿಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ. ಆದ್ರೆ ಮಾವ ಕೇಳ್ತಿರೋ ಪ್ರಶ್ನೆ ನೀರಲ್ಲಿ ಏನಿದೆ ಅನ್ನೋದಲ್ಲ. ಎಡವಟ್ಟಾದ್ರೆ ಯಾರ ತಲೆ ಮೇಲೆ, ಅದನ್ನ ತೀರ್ಮಾನ ಮಾಡಿದ್ದು ಯಾರು, ನಮ್ಮನ್ನ ಕೇಳಿದ್ರಾ ಅನ್ನೋದು. ಅದಕ್ಕೆ ಲ್ಯಾಬ್ ರಿಪೋರ್ಟಲ್ಲಿ ಕಾಲಂ ಇಲ್ಲ. ವಿಜ್ಞಾನದ ಲೆಕ್ಕ ಇಲ್ಲದ ಜನರ ಲೆಕ್ಕ ಕುರುಡು, ಜನರ ಲೆಕ್ಕ ಇಲ್ಲದ ವಿಜ್ಞಾನದ ಲೆಕ್ಕ ಪೊಳ್ಳು, ಈ ಅರ್ಥದ ಮಾತು ಅವನೇ ಬರೆದಿದಾನೆ.

ವಿಷ ತಿರುಗಿ ತಿರುಗಿ ಮಾಡಿದೋನ ಮನೆಗೇ ಬರುತ್ತೆ ಅಂತಲೂ ಅವನ ಒಂದು ಥಿಯರಿ ಇದೆ, ಬೂಮರಾಂಗ್ ಅಂತ ಕರೀತಾನೆ. ಶ್ರೀಮಂತ ದೇಶ ಕೀಟನಾಶಕ ಎಕ್ಸ್‌ಪೋರ್ಟ್ ಮಾಡುತ್ತೆ, ಅದು ಹಣ್ಣು ಟೀ ಆಗಿ ವಾಪಸ್ ಅದೇ ದೇಶದ ಟೇಬಲ್ಲಿಗೆ ಬರುತ್ತೆ. ಕೋಲಾರದ ಟೊಮ್ಯಾಟೊ ಸೊಪ್ಪು ತಿನ್ನೋದು ನಾವೇ ಅಲ್ವಾ ಅಂತ ನೋಡಿದ್ರೆ ಹೌದು ಅನ್ಸುತ್ತೆ. ಆದ್ರೆ ಮಾಡಿದ್ದುಣ್ಣೋ ಮಹರಾಯ ಅನ್ನೋಷ್ಟು ನ್ಯಾಯ ಎಲ್ಲಿದೆ ಇಲ್ಲಿ. ವೃಷಭಾವತಿಗೆ ನಾವು ಬಿಟ್ಟಿದ್ದು ಬೈರಮಂಗಲ ಕೆರೆಗೆ ಹೋಗುತ್ತೆ, ಬಿಡದಿ ಕಡೆ ರೈತರು ಅದರಲ್ಲೇ ವ್ಯವಸಾಯ ಮಾಡ್ತಾರೆ, ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ, ಆಮೇಲೆ ತಮಿಳುನಾಡು. ನಾವು ಕುಡಿಯೋ ಕಾವೇರಿನ ಅದಕ್ಕಿಂತ ಮೇಲೇನೇ ಎತ್ಕೊಂಡಿರ್ತೀವಿ, ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ. ಕಸದ ಕಥೆನೂ ಅಷ್ಟೇ, ಮಾವಳ್ಳಿಪುರ ಆಯ್ತು, ಮಂಡೂರು ಆಯ್ತು, ಅಲ್ಲಿನೋರು ರೋಡಿಗೆ ಬಂದು ಕೂತಾಗ ಬೇರೆ ಹಳ್ಳಿ ಹುಡುಕಿದ್ವಿ. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ. ಬೆಕ್‌ಗೆ ಇದು ಗೊತ್ತಿರ್ಲಿಲ್ಲ ಅಂತಲ್ಲ, ಸಂಪತ್ತು ಮೇಲೆ ಶೇಖರ ಆಗುತ್ತೆ, ಅಪಾಯ ಕೆಳಗೆ ಶೇಖರ ಆಗುತ್ತೆ ಅಂತ ಅದೇ ಪುಸ್ತಕದಲ್ಲಿ ಬರೆದಿದಾನೆ. ಜನ ಅದನ್ನ ಬಿಟ್ಟು ಹೊಗೆ ಸಾಲನ್ನ ಹಿಡ್ಕೊಂಡ್ರು. ಸ್ವಲ್ಪ ತಪ್ಪು ಅವನದ್ದೂ ಇದೆ, ಚೆನ್ನಾಗಿ ಕೇಳ್ಸೋ ಸಾಲು ಬರೆಯೋ ಚಟ ಇತ್ತು ಮನುಷ್ಯನಿಗೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಐಡಿಯಾ, 1988ರ ಪುಸ್ತಕದ್ದು. ಸಂಘಟಿತ ಬೇಜವಾಬ್ದಾರಿ. ಅಂದ್ರೆ ಬೇಜವಾಬ್ದಾರಿ ಅನ್ನೋದು ಯಾರೋ ಒಬ್ಬ ಸೋಮಾರಿ ಕೆಲಸ ಮಾಡದೇ ಇರೋದ್ರಿಂದ ಬರೋದಲ್ಲ, ಪ್ರತಿಯೊಬ್ಬನೂ ತನ್ನ ಕೆಲಸ ರೂಲ್ಸ್ ಪ್ರಕಾರ ಮಾಡ್ತಾ ಇದ್ರೂ ಒಟ್ಟಾರೆ ಆದ ಅನಾಹುತಕ್ಕೆ ಯಾರೂ ಹೊಣೆ ಆಗದೇ ಇರೋ ಹಂಗೆ ಇಡೀ ವ್ಯವಸ್ಥೆನೇ ಜೋಡಣೆ ಆಗಿರುತ್ತೆ. ಬೆಳ್ಳಂದೂರು ಕೆರೆ ನೋಡಿ. ಊರಿನ ದೊಡ್ಡ ಕೆರೆ, 2015ರಲ್ಲಿ ಬೆಂಕಿ ಹತ್ತಿಕೊಳ್ತು, 2017ರಲ್ಲಿ ಮತ್ತೆ, 2018ರ ಜನವರಿಯಲ್ಲಿ ಆರಿಸೋಕೆ ಸೈನಿಕರೇ ಬರ್ಬೇಕಾಯ್ತು. ನೀರಿಗೆ ಬೆಂಕಿ! ಕೆರೆ ಬಿಡಿಎದು, ಕೊಳಚೆ ಪೈಪು ಜಲಮಂಡಳಿದು, ಕಸ ಪಾಲಿಕೆದು, ಪರೀಕ್ಷೆ ಮಾಡೋದು ಮಾಲಿನ್ಯ ನಿಯಂತ್ರಣ ಮಂಡಳಿ, ಅಪಾರ್ಟ್‌ಮೆಂಟ್‌ಗಳ ಹತ್ರ ಎಸ್‌ಟಿಪಿ, ಅಂದ್ರೆ ಕೊಳಚೆ ಶುದ್ಧಿ ಮಾಡೋ ಘಟಕ, ಇದೆ ಅನ್ನೋ ಸರ್ಟಿಫಿಕೇಟ್ ಇದೆ, ಡಿಟರ್ಜೆಂಟ್ ಕಂಪನಿ ಕಾನೂನು ಪ್ರಕಾರನೇ ಪೌಡರ್ ಮಾರುತ್ತೆ, ನಾವು ಕಾನೂನು ಪ್ರಕಾರನೇ ಬಟ್ಟೆ ಒಗೀತೀವಿ. ಐಐಎಸ್‌ಸಿಯವರು ವರ್ಷಗಟ್ಟಲೆ ನೋಡಿ ಹೇಳಿದ್ದು, ಸೋಪಿನ ಅಂಶ ಕೆಸರಿಗೆ ಅಂಟ್ಕೊಂಡು ತಳದಲ್ಲಿ ಕೂತಿರುತ್ತೆ, ಜೋರು ಮಳೆ ಬಂದಾಗ ಎಲ್ಲಾ ಕದಡಿ ಕೋಡಿಯಲ್ಲಿ ಬೀಳುವಾಗ ನೊರೆ ಆಗುತ್ತೆ ಅಂತ. ಈಗ ಹೇಳಿ, ಇದು ಯಾರ ನೊರೆ? ಯಾವ ಸ್ಟೇಷನ್ನಲ್ಲಿ ಯಾರ ಮೇಲೆ ಕಂಪ್ಲೇಂಟ್ ಕೊಡ್ತೀರಾ? ಇಂಥವನೇ ಮಾಡಿದ ಅಂತ ಪ್ರೂವ್ ಮಾಡು ಅನ್ನುತ್ತೆ ಕಾನೂನು, ಎಲ್ಲರೂ ಸೇರಿ ಮಾಡಿರೋವಾಗ ಯಾರೂ ಮಾಡಿಲ್ಲ ಅಂತಾಗುತ್ತೆ. ಬೆಕ್ ಬರೆದಿರೋದೂ ಇದನ್ನೇ.

ಅಂದಹಾಗೆ ಇದೆಲ್ಲ ಜರ್ಮನಿಯಿಂದ ಬಂದ ಮೇಲೇ ನಮಗೆ ತಿಳೀಬೇಕಿತ್ತು ಅಂತೇನಿಲ್ಲ. ಬೆಕ್ ಬರೀತಿದ್ದ ಅದೇ ಕಾಲಕ್ಕೆ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ಓಡಾಡ್ತಿದ್ರು. 1989ರಲ್ಲಿ 87ನೇ ವಯಸ್ಸಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೇ ನಿಂತ್ರು, ಸೋತ್ರು. 1994ರ ಮೇನಲ್ಲಿ ಕೈಗಾದ ಡೋಮ್ ಒಳಗಿನ ಕಾಂಕ್ರೀಟ್ ಕಳಚಿ ಬಿತ್ತು, ಅದೃಷ್ಟಕ್ಕೆ ಇನ್ನೂ ಕಟ್ತಾ ಇದ್ರು, ಇಂಧನ ತುಂಬಿರ್ಲಿಲ್ಲ. ಇನ್ನೊಂದು ಕಡೆಯಿಂದನೂ ಹೇಳ್ಬೇಕಲ್ಲ, ಅದೇ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್‌ವರೆಗೆ 962 ದಿನ ಒಂದೇ ಸಮ ನಿಲ್ಲದೇ ಓಡಿ ವಿಶ್ವದಾಖಲೆ ಮಾಡ್ತು. ನೋಡಿದ್ರಾ, ಏನೂ ಆಗಿಲ್ಲ ಅಂತ ನನ್ನ ಮ್ಯಾನೇಜರ್ ಥರದವರು ಹೇಳ್ತಾರೆ. ಬೆಕ್ ಇದಕ್ಕೆ ಒಂದು ಕಿಲಾಡಿ ಟೆಸ್ಟ್ ಇಟ್ಟಿದ್ದ: ಇಂಜಿನಿಯರ್ ಮಾತು ಬಿಡಿ, ಇನ್ಶೂರೆನ್ಸ್ ಕಂಪನಿ ಏನನ್ನುತ್ತೆ ಕೇಳಿ. ಇಂಜಿನಿಯರ್ ಅಪಾಯ ಸೊನ್ನೆ ಅಂತಾನೆ, ಇನ್ಶೂರೆನ್ಸ್‌ನೋನು ನನ್ ಕೈಲಿ ಆಗಲ್ಲಪ್ಪ ಅಂತಾನೆ. ನಮ್ಮಲ್ಲೂ 2010ರ ಅಣು ಹೊಣೆಗಾರಿಕೆ ಕಾನೂನು ಬಂದಾಗ ಸ್ಥಾವರ ನಡೆಸೋರ ಹೊಣೆಗೆ 1500 ಕೋಟಿ ಅಂತ ಗೆರೆ ಎಳೆದ್ರು, ಅಷ್ಟಕ್ಕೂ ಒಂದು ಇನ್ಶೂರೆನ್ಸ್ ಕಂಪನಿ ಮುಂದೆ ಬರ್ಲಿಲ್ಲ, ಹತ್ತು ಹನ್ನೆರಡು ಕಂಪನಿ ಸೇರಿಸಿ 2015ರಲ್ಲಿ ಪೂಲ್ ಮಾಡ್ಬೇಕಾಯ್ತು.

ಇನ್ನು ಮನೆ ಒಳಗಿನ ವಿಷಯ, ನನಗೆ ಇದೇ ಜಾಸ್ತಿ ಕಾಡಿದ್ದು. ವ್ಯವಸ್ಥೆಯ ತಪ್ಪಿಗೆ ಒಬ್ಬೊಬ್ಬನೂ ತನ್ನ ಬದುಕಲ್ಲೇ ಪರಿಹಾರ ಹುಡುಕ್ಕೋಬೇಕಾಗಿ ಬರುತ್ತೆ ಅಂತಾನೆ ಬೆಕ್. ನಮ್ಮ ಏರಿಯಾದಲ್ಲಿ ಮಧ್ಯಮ ವರ್ಗದ ಸಂಸಾರ ಅಂದ್ರೆ ಏನು? ನೀರಿಗೆ ಬೋರು, ಬೋರು ಬತ್ತಿದ್ರೆ ಟ್ಯಾಂಕರು, ಟ್ಯಾಂಕರ್ ನಂಬಿಕೆ ಇಲ್ಲ ಅಂತ ಆರ್‌ಓ ಫಿಲ್ಟರ್, ಕರೆಂಟಿಗೆ ಯುಪಿಎಸ್, ಗಾಳಿಗೆ ಪ್ಯೂರಿಫೈಯರ್, ಆಸ್ಪತ್ರೆಗೆ ಇನ್ಶೂರೆನ್ಸ್, ಆ ಇನ್ಶೂರೆನ್ಸ್ ಸಾಲಲ್ಲ ಅಂತ ಟಾಪ್ ಅಪ್, ಮಕ್ಕಳಿಗೆ ಎಸ್‌ಐಪಿ ಅಂತ ತಿಂಗಳ ತಿಂಗಳ ಹೂಡಿಕೆ. ಊರಿನ ಸಮಸ್ಯೆ ಎಲ್ಲಾ ನಮ್ಮನೆ ಎಕ್ಸೆಲ್ ಶೀಟಿಗೆ ಬಂದು ಕೂತಿದೆ. ಇದರಲ್ಲಿ ಫೇಲ್ ಆದ್ರೆ ವ್ಯವಸ್ಥೆನ ಯಾರೂ ಬೈಯಲ್ಲ, ನೀನ್ಯಾಕೆ ಮೊದ್ಲೇ ಪ್ಲಾನ್ ಮಾಡಿಲ್ಲ ಅಂತ ಭಾವ ಕೇಳ್ತಾನೆ. ಮೇಲಿಂದ ಆ ಪರಿಹಾರಗಳೇ ಸೇರಿ ಹೊಸ ಸಮಸ್ಯೆ, ಎಲ್ರೂ ಬೋರ್ ಕೊರೆದ್ರೆ ಯಾರಿಗೂ ನೀರಿಲ್ಲ, ಆರ್‌ಓ ಕೊಡೋದಕ್ಕಿಂತ ಜಾಸ್ತಿ ನೀರು ಸಿಂಕಿಗೆ ಬಿಡುತ್ತೆ.

2022ರ ಸೆಪ್ಟೆಂಬರ್ ಮಳೆ ನೆನಪಿದ್ಯಾ, ಸರ್ಜಾಪುರ ರೋಡ್ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳು ಮುಳುಗಿ ದೊಡ್ಡ ದೊಡ್ಡ ಕಂಪನಿಯೋರು ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋದ್ರಲ್ಲ. ನೋಡಿ, ಮಳೆಗೆ ಎಲ್ರೂ ಒಂದೇ ಅಂತ ಆಗ ಎಲ್ರೂ ಬರೆದ್ರು. ಅವರು ಟ್ರ್ಯಾಕ್ಟರ್ ಇಳಿದು ಹೋಟೆಲಿಗೆ ಹೋದ್ರು, ಅದೇ ರಾಜಕಾಲುವೆ ಪಕ್ಕದ ಶೆಡ್ಡುಗಳಲ್ಲಿ ಇದ್ದೋರು, ಅಂದ್ರೆ ಆ ವಿಲ್ಲಾಗಳಿಗೆ ಕೆಲಸಕ್ಕೆ ಹೋಗೋರು, ಒದ್ದೆ ಅಕ್ಕಿ ಬಿಸಿಲಿಗೆ ಹರವಿಕೊಂಡು ಕೂತಿದ್ರು. ಒಂದೂವರೆ ವರ್ಷಕ್ಕೆ ಸರಿಯಾಗಿ ಉಲ್ಟಾ, 2024ರ ಮಾರ್ಚಲ್ಲಿ ನೀರೇ ಇಲ್ಲ. ಸರ್ಕಾರನೇ ಕೊಟ್ಟ ಲೆಕ್ಕ, 13,900 ಸರ್ಕಾರಿ ಬೋರಲ್ಲಿ 6,900 ಬತ್ತಿದ್ವು, ಡಿಸಿಎಂ ಡಿ.ಕೆ. ಶಿವಕುಮಾರ್ ನಮ್ಮನೆ ಬೋರೂ ಬತ್ತಿದೆ ಅಂದ್ರು. ಬೋರ್ ಬತ್ತೋದು ಸಮಾನವಾಗೇ ಬತ್ತುತ್ತೆ ಸರಿ, ಆಮೇಲೆ? 12,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 1000 ರೂಪಾಯಿ ಅಂತ ಜಿಲ್ಲಾಡಳಿತ ರೇಟ್ ಫಿಕ್ಸ್ ಮಾಡ್ತು, ಆ ರೇಟಷ್ಟೇ ಕೊಡ್ತೀವಿ ಅಂದೋರಿಗೆ ನಮ್ಮ ಟ್ಯಾಂಕರಿನೋನು ಫೋನೇ ಎತ್ತಲಿಲ್ಲ. ದುಡ್ಡು ಜಾಸ್ತಿ ಕೊಟ್ಟೋರಿಗೆ ಎತ್ತಿದ.

ಕೆಲಸದ ಬಗ್ಗೆನೂ ಬರೆದಿದಾನೆ, ಅದು 1999ರ ಪುಸ್ತಕ. ಪರ್ಮನೆಂಟ್ ಕೆಲಸ ಅನ್ನೋದು ಕರಗಿಹೋಗುತ್ತೆ, ಯುರೋಪೂ ಬ್ರೆಜಿಲ್ ಥರ ಆಗುತ್ತೆ, ಒಬ್ಬನೇ ನಾಲ್ಕು ಕೆಲಸ ಮಾಡ್ತಾ ಯಾವುದಕ್ಕೂ ಗ್ಯಾರಂಟಿ ಇಲ್ಲದೇ ಬದುಕ್ತಾನೆ ಅಂತ. ಕೋರಮಂಗಲದ ಸಿಗ್ನಲಲ್ಲಿ ಮಳೇಲಿ ನಿಂತಿರೋ ಡೆಲಿವರಿ ಹುಡುಗರನ್ನ ನೋಡಿದ್ರೆ ಇನ್ನೇನ್ ವಿವರಿಸೋದು. ಅವರಿಗೋಸ್ಕರ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂತು, ಜಾರಿ ಹೆಂಗಾಗುತ್ತೋ ನೋಡೋಣ. ನಮ್ಮ ಐಟಿಯೋರೂ ಲೇಆಫ್ ಮೇಲ್ ಬರೋವರೆಗೂ ನಾವು ಬೇರೆ ಅನ್ಕೊಂಡಿರ್ತೀವಿ.

ಅವನನ್ನ ಒಪ್ಪೋಕಾಗದೇ ಇರೋದು ಕೊನೆಗಾಲದ ಬರವಣಿಗೆಲಿ. ದೊಡ್ಡ ಅನಾಹುತ ಆದ್ರೆ ಜನ ಎಚ್ಚೆತ್ಕೊಂಡು ಗಡಿಗಿಡಿ ಮರೆತು ಒಂದಾಗ್ತಾರೆ, ಹವಾಮಾನ ಬದಲಾವಣೆ ಅನ್ನೋದು ಹಂಗೊಂದು ಒಳ್ಳೇದನ್ನೂ ಮಾಡಬಹುದು ಅಂತ ನಂಬ್ಕೊಂಡಿದ್ದ. ಕೋವಿಡ್ ನೋಡದೇ ಹೋದ, ಪುಣ್ಯವಂತ. 2021ರ ಮೇನಲ್ಲಿ ಇದೇ ಊರಲ್ಲಿ ಆಕ್ಸಿಜನ್ ಬೆಡ್ ಸಿಕ್ಕಿದ್ದು ಯಾರಿಗೆ, ಯಾರ ಫೋನಿಗೆ ಅಂತ ನೋಡಿದೀವಲ್ಲ. ಮುಳುಗಿದ ವರ್ಷ ರಾಜಕಾಲುವೆ ಒತ್ತುವರಿ ಅಂತ ಜೆಸಿಬಿ ಬಂದ್ವು, ಒಂದಷ್ಟು ಕಾಂಪೌಂಡ್ ಬಿದ್ವು, ಸ್ಟೇ ಬಂತು, ಮುಗೀತು. ಜನ ಎಚ್ಚೆತ್ಕೊಂಡಿದ್ದೇನೋ ನಿಜ, ಎಚ್ಚೆತ್ಕೊಂಡು ಎತ್ತರದ ಜಾಗದಲ್ಲಿ ಸೈಟ್ ಹುಡುಕಿದ್ರು.

ಆದ್ರೆ ಒಂದು ಸಲ ಅವನ ಮಾತು ನೇರವಾಗಿ ಸರ್ಕಾರದ ಮೇಜಿಗೂ ಹೋಗಿತ್ತು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಆದ್ಮೇಲೆ ಆಗಿನ ಜರ್ಮನ್ ಚಾನ್ಸಲರ್ ಆಂಗೆಲಾ ಮರ್ಕೆಲ್ ಒಂದು ಸಮಿತಿ ಮಾಡಿದ್ರು, 17 ಜನ, ಅದರಲ್ಲಿ ಚರ್ಚಿನ ಬಿಷಪ್‌ಗಳೂ ಇದ್ರು, ಬೆಕ್ ಕೂಡ ಇದ್ದ. ಅಣುವಿದ್ಯುತ್ ಬಿಡಬೇಕು ಅಂತ ಅವರು ರಿಪೋರ್ಟ್ ಕೊಟ್ರು, ಕೊನೇ ಮೂರು ಸ್ಥಾವರ 2023ರ ಏಪ್ರಿಲಲ್ಲಿ ಬಂದ್ ಆದ್ವು. ಆ ತೀರ್ಮಾನ ಸರಿನಾ ತಪ್ಪಾ ಅಂತ ಜರ್ಮನಿಲಿ ಈಗ್ಲೂ ಜಗಳ ನಡೀತಿದೆ, ನನಗೂ ಪೂರ್ತಿ ಸರಿ ಅನ್ಸಲ್ಲ, ಕಲ್ಲಿದ್ದಲು ಇಟ್ಕೊಂಡು ಅಣು ಬಿಟ್ಟಿದ್ದು ವಿಚಿತ್ರನೇ. ಆದ್ರೆ ಅಪಾಯದ ಲೆಕ್ಕ ಹಾಕೋಕೆ ಬರೀ ಇಂಜಿನಿಯರ್‌ಗಳನ್ನ ಕೂರಿಸಲಿಲ್ಲ ಅನ್ನೋದು ನನಗಿಷ್ಟ. ಇದನ್ನ ಮಾವನಿಗೆ ಹೇಳಿದೆ. "ಬಿಷಪ್ ಬೇಡ ಬಿಡು, ನಮ್ ಪಂಚಾಯ್ತಿ ಮೆಂಬರ್‌ನ ಕರೆದಿದ್ರೆ ಸಾಕಿತ್ತು" ಅಂದ್ರು.

ಯಾರಾದ್ರೂ ಓದೋದಾದ್ರೆ 'ರಿಸ್ಕ್ ಸೊಸೈಟಿ'ಯ ಮೊದಲ ಎರಡು ಅಧ್ಯಾಯ ನಿಧಾನಕ್ಕೆ ಓದಿ, ಮಿತಿಗಳ ಬಗ್ಗೆ ಬೈಯೋದು ಅಲ್ಲೇ ಇದೆ. ಮಧ್ಯದಲ್ಲಿ ಮದುವೆ, ಸಂಸಾರ, ಗಂಡು ಹೆಣ್ಣಿನ ದುಡಿಮೆ ಬಗ್ಗೆ ಬರೋ ಭಾಗ ಎಂಬತ್ತರ ದಶಕದ ಜರ್ಮನಿದು, ಅವನ ಹೆಂಡತಿ ಎಲಿಸಬೆತ್ ಬೆಕ್-ಗೆರ್ನ್‌ಶೈಮ್ ಜೊತೆ ಸೇರಿ ಆಮೇಲೆ ಬರೆದ ಪುಸ್ತಕದಲ್ಲಿ ಅದು ಇನ್ನೂ ಚೆನ್ನಾಗಿ ಬಂದಿದೆ, ಇಲ್ಲಿ ಹಾರಿಸ್ಕೊಂಡು ಹೋದ್ರೂ ನಡೆಯುತ್ತೆ. ಕೊನೇ ಭಾಗ ವಿಜ್ಞಾನ ಮತ್ತೆ ರಾಜಕೀಯದ್ದು, ಕಷ್ಟ ಇದೆ, ವಾಕ್ಯಗಳು ನನ್ನವಕ್ಕಿಂತ ಉದ್ದ. ಪುಸ್ತಕ ಬೇಕಾದ್ರೆ ನನ್ನ ಹತ್ರ ಇರೋದನ್ನ ಕೊಡ್ತೀನಿ, ನಮ್ಮ ಫ್ರೆಂಡ್‌ಗೆ ಮಾತ್ರ ಹೇಳ್ಬೇಡಿ.